ಎತ್ತರದ ಪಿಕಪ್ ಹಿಂದೆ ಕುದುರೆ ಟ್ರೇಲರ್ ಮಟ್ಟವಾಗಿ ನಿಲ್ಲಬೇಕಾದರೆ

ಟೆಕ್ಸಸ್‌ಗೆ ಬಂದ ಮೇಲೆ ಕುದುರೆ ಹುಚ್ಚು ಹತ್ತಿಸಿಕೊಂಡ ಗೆಳೆಯನೊಬ್ಬ ಹೋದ ವರ್ಷ ಹೊಸ ಫೋರ್ ವೀಲ್ ಡ್ರೈವ್ ಪಿಕಪ್ ಕೊಂಡ. ಎರಡು ಕುದುರೆಯ ಹಳೇ ಟ್ರೇಲರನ್ನು ಅದಕ್ಕೆ ಹಾಗೇ ಸಿಕ್ಕಿಸಿದ. ಹಿಂಭಾರದ ಎತ್ತಿನಗಾಡಿ ಮೂಕಿ ಎತ್ತಿಕೊಂಡ ಹಾಗೆ ಕಾಣುತ್ತಿತ್ತು. ಒಂದು ಗಂಟೆ ಓಡಿಸಿ ಬಾಗಿಲು ತೆಗೆದರೆ ಕುದುರೆಯ ಹಿಂತೊಡೆ ಬೆವರಿ ಒದ್ದೆ. ದಾರಿಯುದ್ದಕ್ಕೂ ಹಿಂದಿನ ಸರಳಿಗೆ ಒರಗಿಕೊಂಡೇ ನಿಂತು ಬಾಲದ ಬುಡದ ಕೂದಲು ಉದುರಿತ್ತು.

ಇಂಥವರನ್ನು ಬಹಳ ನೋಡಿದ್ದೇನೆ. ಸೀದಾ ಅಂಗಡಿಗೆ ಹೋಗಿ, ಅಂದಾಜಿನಲ್ಲೇ ‘ಆರಿಂಚು ಡ್ರಾಪ್ ಇರೋ ಬಾಲ್ ಮೌಂಟ್ ಕೊಡಿ’ ಅಂತಾರೆ. ಬಾಲ್ ಮೌಂಟ್ ಅಂದರೆ ಪಿಕಪ್ ಹಿಂದೆ ತೂರಿಸುವ, ಟ್ರೇಲರ್ ಕೂರುವ ಚೆಂಡನ್ನು ಹೊತ್ತ ಲೋಹದ ತೋಳು; ಅದು ಎಷ್ಟು ಕೆಳಕ್ಕೆ ಇಳಿದಿದೆಯೋ ಅದೇ ಡ್ರಾಪ್. ಅಳತೆ ಟೇಪು ಮನೆಯಲ್ಲೇ ಇರುತ್ತೆ, ಅಲ್ವಾ?

ಮೊದಲು ಸಮತಟ್ಟಾದ ಕಾಂಕ್ರೀಟ್ ಜಾಗ ಹುಡುಕಿ. ಟೈರಿನ ಗಾಳಿ ನೋಡಿ, ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು ಟ್ರೇಲರ್ ಬಿಚ್ಚಿ.

ಈಗ ಮುಂದಿನ ಜ್ಯಾಕ್ ತಿರುಗಿಸುತ್ತಾ ಟ್ರೇಲರನ್ನು ಮಟ್ಟಕ್ಕೆ ತನ್ನಿ. ರಸಮಟ್ಟವನ್ನು ಒಳಗಿನ ರಬ್ಬರ್ ಮ್ಯಾಟ್ ಮೇಲೆ ಇಡಬೇಡಿ, ಮ್ಯಾಟ್ ಸುಳ್ಳು ಹೇಳುತ್ತೆ. ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಹಿಡಿಯಿರಿ. ಇನ್ನೂ ವಾಸಿ, ಚೌಕಟ್ಟು ನೆಲದಿಂದ ಎಷ್ಟು ಎತ್ತರ ಅಂತ ಮುಂದೆ ಒಂದು ಸಲ, ಹಿಂದೆ ಒಂದು ಸಲ ಅಳೆಯಿರಿ. ಎರಡೂ ಒಂದೇ ಬಂದಾಗ ಕಪ್ಲರ್, ಅಂದರೆ ಚೆಂಡಿನ ಮೇಲೆ ಕೂರುವ ಟ್ರೇಲರಿನ ಮುಂದಿನ ಬಟ್ಟಲು, ಅದರ ಒಳನೆತ್ತಿ ನೆಲದಿಂದ ಎಷ್ಟಿದೆ ನೋಡಿ. ಚೆಂಡಿನ ನೆತ್ತಿ ಅಷ್ಟೇ ಎತ್ತರಕ್ಕೆ ಬರಬೇಕು. ಗೆಳೆಯನದು 21 ಇಂಚು ಬಂತು.

ಮುಂದಿನದು ಪಿಕಪ್. ಎಲ್ಲರೂ ಕೈ ಸುಟ್ಟುಕೊಳ್ಳುವುದು ಇಲ್ಲೇ. ರಿಸೀವರ್, ಅಂದರೆ ಹಿಂದಿನ ಚೌಕ ತೂತಿನ ಒಳಮೇಲಂಚು, ಖಾಲಿ ಗಾಡಿಯಲ್ಲಿ 26 ಇಂಚು ಇತ್ತು. ಆದರೆ ಭಾರ ಬಿದ್ದರೆ ಗಾಡಿಯ ಹಿಂಭಾಗ ಕೂರುತ್ತೆ. ಟ್ರೇಲರಿನ ಒಟ್ಟು ತೂಕದಲ್ಲಿ ಸುಮಾರು ಶೇ 10ರಿಂದ 15ರಷ್ಟು ಚೆಂಡಿನ ಮೇಲೆ ಬರುತ್ತೆ, ಒಂದೊಂದು ಕುದುರೆಯೇ 450ರಿಂದ 550 ಕೆಜಿ. ಹಾಗಾಗಿ ಹಳೇ ಮೌಂಟಿಗೇ ಟ್ರೇಲರ್ ಸಿಕ್ಕಿಸಿ, ಅಂಗಳದಲ್ಲೇ ಕುದುರೆಗಳನ್ನು ಹತ್ತಿಸಿ, ರಿಸೀವರ್ ಎತ್ತರ ಮತ್ತೆ ಅಳೆಯಿರಿ. ನಮಗೆ 25 ಬಂತು.

25ರಿಂದ 21 ಕಳೆದು ‘ನಾಲ್ಕಿಂಚು ಸಾಕು’ ಅಂದ ಗೆಳೆಯ. ಚೆಂಡಿಗೂ ಎತ್ತರ ಇದೆಯಲ್ಲ ಮಾರಾಯ! ಡ್ರಾಪ್ ಲೆಕ್ಕ ಚೆಂಡು ಕೂರುವ ತಟ್ಟೆಯವರೆಗೆ. ತಟ್ಟೆಯಿಂದ ನೆತ್ತಿಗೆ ಇವನ ಚೆಂಡು 3 ಇಂಚು. ಅಂದರೆ ತಟ್ಟೆ 18 ಇಂಚಿನಲ್ಲಿರಬೇಕು. ಬೇಕಾದ್ದು 7 ಇಂಚಿನ ಡ್ರಾಪ್. ಸರಿಯಾದ ಅಳತೆ ಸಿಗದಿದ್ದರೆ ಟ್ರೇಲರಿನ ಮೂಗು ಒಂದಿಂಚು ಕೆಳಗಿರಲಿ, ಮೇಲೆ ಬೇಡ.

ಎರಡು ಆಕ್ಸಲ್‌ನ ಟಾರ್ಷನ್ ಟ್ರೇಲರ್, ಅಂದರೆ ಸ್ಪ್ರಿಂಗ್ ಬದಲು ಆಕ್ಸಲ್ ಒಳಗಿನ ರಬ್ಬರೇ ಕುಲುಕು ತಡೆಯುವಂಥದ್ದು, ಆದರೆ ಇದರಲ್ಲಿ ರಾಜಿಯೇ ಇಲ್ಲ. ಲೀಫ್ ಸ್ಪ್ರಿಂಗಿನಲ್ಲಿ (ಉಕ್ಕಿನ ಪಟ್ಟಿಗಳ ಸ್ಪ್ರಿಂಗು) ನಡುವಿನ ಈಕ್ವಲೈಸರ್ ಅನ್ನೋ ತೂಗುಕೊಂಡಿ ಭಾರವನ್ನು ಎರಡೂ ಆಕ್ಸಲ್‌ಗೆ ಹಂಚುತ್ತೆ. ಟಾರ್ಷನ್‌ನಲ್ಲಿ ಆ ಹಂಚಿಕೆ ಇಲ್ಲ. ಮೂಗು ಎದ್ದರೆ ಹಿಂದಿನ ಟೈರುಗಳು ಜಾಸ್ತಿ ಭಾರ ಹೊತ್ತು ಬಿಸಿಯಾಗುತ್ತವೆ.

ಮೌಂಟ್ ಕೊಳ್ಳುವಾಗ ಅದರ ಮೇಲೆ ಕೆತ್ತಿರುವ ತೂಕದ ಮಿತಿ ಓದಿ. ಎಷ್ಟೋ ಮೌಂಟುಗಳಲ್ಲಿ ಡ್ರಾಪ್ ಉದ್ದವಾದಷ್ಟೂ ಮಿತಿ ಇಳಿಯುತ್ತೆ. ತೂತುಗಳಿಗೆ ಪಿನ್ ಹಾಕಿ ಏರಿಸಿ ಇಳಿಸುವ ಉಕ್ಕಿನದ್ದೇ ನನ್ನ ಆಯ್ಕೆ. ನಾನು ತಂದ ಅಗ್ಗದ ಅಲ್ಯೂಮಿನಿಯಂ ಒಂದು ವಾರದಲ್ಲೇ ಗಡಗಡ ಅನ್ನತೊಡಗಿತು. ಇರೋದನ್ನೇ ಕತ್ತರಿಸಿ ಬೆಸುಗೆ ಹಾಕಿಸ್ತೀನಿ ಅನ್ನೋರ ಹತ್ತಿರ ನಾನು ಮಾತಾಡೋದಿಲ್ಲ. ಲೀಫ್ ಸ್ಪ್ರಿಂಗಿನ ಮೇಲಿರುವ ಆಕ್ಸಲನ್ನು ಅದರ ಕೆಳಗೆ ಹಾಕಿಸಿ ಟ್ರೇಲರನ್ನೇ ಎತ್ತರಿಸುವ ಉಪಾಯವೂ ಇದೆ. ಕುದುರೆ ಮೆಟ್ಟುವ ಎತ್ತರ ಆಗ ಹೆಚ್ಚುತ್ತೆ. ಮುದಿ ಕುದುರೆ ಹತ್ತಲು ಹಟ ಹಿಡಿದರೆ ಅದನ್ನು ಬೈಯಬೇಡಿ.

ಚೆಂಡಿನ ಅಳತೆ ಕಪ್ಲರ್ ಮೇಲೆ ಬರೆದಿರುತ್ತೆ, 2 ಇಂಚೋ 2 5/16 ಇಂಚೋ ನೋಡಿ ಅದನ್ನೇ ಹಾಕಿ.

ಹೊಸ ಮೌಂಟಿಗೆ ಸಿಕ್ಕಿಸಿ, ಕುದುರೆ ಹತ್ತಿಸಿ, ಚೌಕಟ್ಟನ್ನು ಮುಂದೆ ಹಿಂದೆ ಇನ್ನೊಮ್ಮೆ ಅಳೆಯಿರಿ. ಗೆಳೆಯನ ಟ್ರೇಲರಿನ ಮೂಗು ಅರ್ಧ ಇಂಚು ಕೆಳಗಿತ್ತು, ಹಾಗೇ ಬಿಟ್ಟೆವು. ಸುರಕ್ಷತಾ ಸರಪಳಿಗಳನ್ನು ಕಪ್ಲರ್ ಕೆಳಗೆ ಕತ್ತರಿಯಾಗಿ ದಾಟಿಸಿ ಕೊಕ್ಕೆ ಹಾಕಿ. ಟ್ರೇಲರ್ ಕಳಚಿಕೊಂಡರೆ ಅದರ ಬ್ರೇಕ್ ಹಾಕಿಸುವ ಬ್ರೇಕ್‌ಅವೇ ತಂತಿಯೂ ಅಷ್ಟೇ, ರಸ್ತೆಗೆ ಉಜ್ಜಬಾರದು, ತಿರುವಿನಲ್ಲಿ ಬಿಗಿಯಲೂಬಾರದು.

ಟ್ರೇಲರ್ ಬಿಚ್ಚಿದ ಮೇಲೆ ಮೌಂಟನ್ನೂ ಕಳಚಿಡಿ. ನನ್ನ ಕಣಕಾಲಿಗೆ ಈಗಾಗಲೇ ಎರಡು ಸಲ ಬಡಿದಿದೆ.