ಮೊಬೈಲ್ ಟಾರ್ಚಿನಲ್ಲಿ ವೀರಗಲ್ಲು ಓದಿಸಿದ್ದು

ಮಕ್ಕಳ ಕೈಗೆ ಮೊಬೈಲ್ ಕೊಟ್ಟು ಊರಿನ ಇತಿಹಾಸ ಕಲಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ರೀಲ್ಸ್ ನೋಡ್ತಾರೆ ಅಷ್ಟೇ ಸಾರ್" ಅಂದರು. ಈಗ ಅವರೇ ತಮ್ಮೂರಿನ ಕಲ್ಲು ನೋಡಲು ಬನ್ನಿ ಅಂತ ಕರೆಯುತ್ತಿದ್ದಾರೆ.

ನಮ್ಮದು ಸೊರಬ ತಾಲ್ಲೂಕು, ವೀರಗಲ್ಲಿಗೆ ಬರವಿಲ್ಲ. ಮೊದಲ ವರ್ಷ ನನಗೆ ಕ್ಯೂಆರ್ ಕೋಡ್ ಹುಚ್ಚು. ಹನ್ನೆರಡು ಕಲ್ಲಿನ ಪಕ್ಕ ಲ್ಯಾಮಿನೇಟ್ ಮಾಡಿಸಿ ಕಟ್ಟಿದೆ, ಕೈಯಿಂದ ಸುಮಾರು 1,800 ರೂಪಾಯಿ ಹೋಯಿತು. ಮಳೆಗಾಲ ಮುಗಿದಾಗ ಉಳಿದಿದ್ದು ಎರಡು. ಅಲ್ಲೂ ನೆಟ್‌ವರ್ಕ್ ಇಲ್ಲ, ಸ್ಕ್ಯಾನ್ ಮಾಡಿದರೆ ಸುಮ್ನೆ ತಿರುಗುತ್ತಾ ಕೂರುತ್ತಿತ್ತು.

ಆಮೇಲೆ ಲೆಕ್ಕ ತಿರುಗಿಸಿದೆ. ಮಾಹಿತಿ ನಾನು ಕೊಡುವುದಲ್ಲ, ಮಕ್ಕಳೇ ಹುಡುಕಿ ತರುವುದು. ಹಳೇ ಫೋನ್ ಮೂರು ಕೊಂಡೆ, ಒಂದಕ್ಕೆ ಎರಡು ಸಾವಿರದ ಆಸುಪಾಸು. ಸಿಮ್ ಇಲ್ಲ. ನಾಲ್ವರಿಗೆ ಒಂದು ಫೋನ್. ಶಾಸನತಜ್ಞ ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟದಲ್ಲಿ (1904) ಸೊರಬದ ಶಾಸನಗಳಿವೆಯಲ್ಲ, ಅದರ ಪಿಡಿಎಫ್ ಮೊದಲೇ ಹಾಕಿಟ್ಟೆ.

ನಿಜವಾಗಿ ಕೆಲಸ ಮಾಡಿದ್ದು ಟಾರ್ಚ್. ಹಗಲು ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದೇ ಇಲ್ಲ. ಸಂಜೆ ಆರೂವರೆ ಮೇಲೆ ಹೋಗಿ, ಕಲ್ಲಿನ ಮೈಗೆ ತಾಗುವಷ್ಟು ಹತ್ತಿರ, ಬದಿಯಿಂದ ಬೆಳಕು ಬಿಡಬೇಕು. ಪ್ರತಿ ಗೆರೆಗೂ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ, ಹಿಟ್ಟು ಉಜ್ಜುವ ಪಾಪ ಬೇಡವೇ ಬೇಡ. ಎಷ್ಟು ಫೋಟೋ, ಯಾವ ಕೋನ ಅನ್ನುವುದನ್ನು ಮಾತ್ರ ಈಗ ಹೇಳಲ್ಲ, ಇನ್ನೊಂದು ವರ್ಷ ನಾನೇ ನೋಡಬೇಕು.

ಒಂದು ಸಂಜೆ ಒಂದು ವೀರಗಲ್ಲಿನ ಕೆಳಗಿನ ಪಟ್ಟಿಕೆಯ (ಕೆತ್ತನೆಯ ಸಾಲಿನ) ಮೇಲೆ ಎಂಟನೇ ಕ್ಲಾಸಿನ ಹುಡುಗಿ ಬೆಳಕು ಬಿಟ್ಟಳು. ಬಿಲ್ಲು ಹಿಡಿದವನ ಹಿಂದೆ ಸಾಲಾಗಿ ಕೊಂಬು. ಬೆರಳಿಟ್ಟು ಏಳು ಎಣಿಸಿ, "ಸಾರ್, ಇವು ಯಾರ ಮನೆ ದನ?" ಅಂದಳು. ತುರುಗೊಳ್, ಅಂದರೆ ದನ ಹೊಡೆದೊಯ್ಯುವ ಕಾಳಗದ ಪಾಠವನ್ನು ಹತ್ತು ವರ್ಷ ಮಾಡಿದ್ದೇನೆ, ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

ನಡುವೆ ತ್ರೀಡಿ ಮಾಡೆಲ್ ಪ್ರಯತ್ನವೂ ಆಯಿತು. ಕಲ್ಲಿನ ಸುತ್ತ ನಡೆದು ನಲವತ್ತು ಚಿಲ್ಲರೆ ಫೋಟೋ. ಅರ್ಧಕ್ಕರ್ಧ ಹಾಳು, ಪಾಚಿ ಇರುವ ಕಡೆ ಜಾಸ್ತಿ. ಅಜ್ಜಂದಿರ ಮಾತು ರೆಕಾರ್ಡ್ ಮಾಡಿದ್ದು ಮಾತ್ರ ಗೆದ್ದಿತು. ಕಲ್ಲಿಗೆ ಈಗಲೂ ಎಣ್ಣೆ ಹಾಕುವ ಮನೆ ಯಾವುದು ಅಂತ ತಿಳಿದದ್ದು ಹಾಗೇ. ಈ ಮೂರು ವರ್ಷದಲ್ಲಿ ಖರ್ಚು ಒಟ್ಟು ಒಂಬತ್ತು ಸಾವಿರ ದಾಟಿಲ್ಲ, ಮಕ್ಕಳು ಮೂವತ್ತರ ಹತ್ತಿರ ಕಲ್ಲು ದಾಖಲಿಸಿದ್ದಾರೆ. ಅದರಲ್ಲಿ ನಾಲ್ಕೈದು ರೈಸ್ ಪಟ್ಟಿಯಲ್ಲಿ ನಮಗೆ ಸಿಕ್ಕಿಲ್ಲ. ದೀಪಾವಳಿ ರಜೆಯಲ್ಲಿ ಅವನ್ನೇ ಮತ್ತೆ ನೋಡಲು ಹೊರಟಿದ್ದೇವೆ.