ಊರ ಕೆರೆಗೆ ಸರ್ಕಾರದ ದುಡ್ಡು ತರಿಸುವುದು ಹೇಗೆ?

ಕೆರೆಯಲ್ಲಿ ಹೂಳು ತುಂಬಿದೆ ಎಂದ ಕೂಡಲೇ ನಮ್ಮಲ್ಲಿ ಮೊದಲು ಹುಟ್ಟುವುದು ಮನವಿ ಪತ್ರ. ನಾಲ್ಕು ಜನ ಹಿರಿಯರು, ಒಂದು ಹಾರ, ಶಾಸಕರ ಮನೆ, ಒಂದು ಫೋಟೊ. ಅಲ್ಲಿಗೆ ಮುಗಿಯಿತು. ಶಾಸಕರ ಹತ್ತಿರ ಹೋಗಲೇಬಾರದು ಎಂದಲ್ಲ, ಬರಿಗೈಯಲ್ಲಿ ಹೋಗಬಾರದು. ನೀರಿನ ಕೆಲಸಕ್ಕೆ ಸರ್ಕಾರದಲ್ಲಿ ಹಣ ಇದೆ. ಅದು ಬೇರೆ ಬೇರೆ ಇಲಾಖೆಗಳಲ್ಲಿ ಚೂರುಚೂರಾಗಿ ಕೂತಿದೆ. ಕಾಗದ ಪತ್ರ ತಯಾರಿಟ್ಟುಕೊಂಡ ಊರಿಗೆ ಅದನ್ನು ಕೇಳುವುದು ಸುಲಭ.

ಮೊದಲು, ಕೆರೆ ಯಾರದ್ದು?

ಅರ್ಧಕ್ಕರ್ಧ ಅರ್ಜಿಗಳು ದಾರಿ ತಪ್ಪುವುದು ಇಲ್ಲೇ. ಲೆಕ್ಕ ಇಡುವುದು ಅಚ್ಚುಕಟ್ಟಿನ ಮೇಲೆ. ಕೆರೆ ನೀರುಣಿಸುವ ಜಮೀನು 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಅದು ಪಂಚಾಯಿತಿ ವ್ಯವಸ್ಥೆಯ ಕೆರೆ. 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆಯದ್ದು. 100 ಎಕರೆ ಅಚ್ಚುಕಟ್ಟು ಎಂದರೆ ಸುಮಾರು 40 ಹೆಕ್ಟೇರ್, ಗಡಿ ಅಲ್ಲೇ. ಕೆಲವು ಕೆರೆ ಅರಣ್ಯದ ಒಳಗಿರುತ್ತವೆ, ಅಲ್ಲಿ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಬುಟ್ಟಿ ಮಣ್ಣೂ ಎತ್ತುವಂತಿಲ್ಲ.

ನಕ್ಷೆ, ಪಹಣಿ, ಗಡಿ

ಗ್ರಾಮ ನಕ್ಷೆ ಮತ್ತು ಕೆರೆಯ ಸರ್ವೆ ನಂಬರಿನ ಪಹಣಿ ತೆಗೆಸಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಏರಿಯ ಮೇಲೆ ನಡೆದರೆ ನೀವು ನಿಂತಿರುವ ಸರ್ವೆ ನಂಬರ್ ಗೊತ್ತಾಗುತ್ತದೆ. ಕೆರೆಗೆ ಮಳೆ ನೀರು ತರುವ ರಾಜಕಾಲುವೆ ಸಾಮಾನ್ಯವಾಗಿ ‘ಬಿ ಖರಾಬು’ ಎಂದು ದಾಖಲಾಗಿರುತ್ತದೆ. ಅಂದರೆ ಸಾರ್ವಜನಿಕ ಬಳಕೆಯ ಜಾಗ, ಯಾರ ಸಾಗುವಳಿಗೂ ಸೇರಿದ್ದಲ್ಲ.

ಒತ್ತುವರಿ ಅನುಮಾನ ಇದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಗಡಿ ಅಳತೆ ಮಾಡಿಸಿ. ಇದು ಮುಜುಗರದ ಕೆಲಸ, ಒತ್ತುವರಿ ಮಾಡಿದವರು ನೆಂಟರೇ ಆಗಿರುತ್ತಾರೆ. ಆದರೂ ಇದನ್ನು ಮುಂದಕ್ಕೆ ಹಾಕಬೇಡಿ. ಹಣ ಮಂಜೂರಾದ ಮೇಲೆ ಯಾರಾದರೂ ಕೋರ್ಟಿಗೆ ಹೋದರೆ ಕಾಮಗಾರಿ ನಿಲ್ಲುತ್ತದೆ. ಆ ವರ್ಷದ ಅನುದಾನವೂ ಕೈತಪ್ಪಬಹುದು.

ಕೆರೆಯ ಕಡೆ ಅಲ್ಲ, ಗುಡ್ಡದ ಕಡೆ ನೋಡಿ

ಈಗ ಊರವರೇ ಒಂದು ದಿನ ನಡೆಯಬೇಕು. ಕೋಡಿಯಿಂದಲ್ಲ, ನೀರು ಹುಟ್ಟುವ ದಿಣ್ಣೆಯಿಂದ ಇಳಿದು ಬನ್ನಿ. ಕಾಲುವೆ ಎಲ್ಲಿ ಮುಚ್ಚಿದೆ, ಮಣ್ಣು ಎಲ್ಲಿ ಕೊಚ್ಚುತ್ತಿದೆ, ಯಾವ ಬದು ಒಡೆದಿದೆ ಎಂದು ಬರೆದುಕೊಳ್ಳಿ. ಕೆರೆ ನೀರು ಹಂಚುತ್ತಿದ್ದ ಹಳೆಯ ನೀರುಗಂಟಿ ಯಾರಾದರೂ ಬದುಕಿದ್ದರೆ ಅವರನ್ನು ಕರೆದುಕೊಂಡು ಹೋಗಿ. ಎಂಜಿನಿಯರ್ ನಕ್ಷೆಯಲ್ಲಿ ಕಾಣದ ತೂಬು ಅವರ ನೆನಪಿನಲ್ಲಿರುತ್ತದೆ.

ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಒಂದೇ ಸಂಜೆ 50 ಮಿಲಿಮೀಟರ್ ಸುರಿದರೆ ಹೆಕ್ಟೇರಿಗೆ 5 ಲಕ್ಷ ಲೀಟರ್. ಮೇಲೆ ಬದು, ಇಂಗುಗುಂಡಿ, ಗಿಡ ಇಲ್ಲದಿದ್ದರೆ ಈ ನೀರು ಮಣ್ಣನ್ನೂ ಹೊತ್ತುಕೊಂಡೇ ಕೆಳಗೆ ಬರುತ್ತದೆ. ಹಾಗಿರುವಾಗ ಬರೀ ಹೂಳೆತ್ತಿದರೆ ಏನು ಬಂತು? ನಾಲ್ಕೈದು ಮಳೆಗಾಲ ಕಳೆದರೆ ಮತ್ತೆ ಜೆಸಿಬಿ. ಗುತ್ತಿಗೆದಾರರಿಗೆ ಇದರಿಂದ ಬೇಸರವೇನೂ ಇಲ್ಲ ಬಿಡಿ.

ಇಷ್ಟೆಲ್ಲ ಮಾಹಿತಿಯನ್ನು ನೀವೇ ಹುಟ್ಟುಹಾಕಬೇಕಿಲ್ಲ. ಸುಜಲ-3 ಯೋಜನೆಯಲ್ಲಿ ಎಷ್ಟೋ ಕಿರು ಜಲಾನಯನಗಳ, ಅಂದರೆ ಒಂದು ಹಳ್ಳಕ್ಕೆ ಮಳೆ ನೀರು ಹರಿದು ಬರುವ ಪ್ರದೇಶಗಳ, ಮಣ್ಣಿನ ಆಳ, ಇಳಿಜಾರು, ಗುಣ ಎಲ್ಲವನ್ನೂ ಸಮೀಕ್ಷೆ ಮಾಡಿ ದಾಖಲಿಸಿದ್ದಾರೆ. ಅಂತರ್ಜಲ ಉಳಿಸಲು 2019ರಲ್ಲಿ ಶುರುವಾದ ಅಟಲ್ ಭೂಜಲ ಯೋಜನೆಯಲ್ಲಿ ರಾಜ್ಯದ 14 ಜಿಲ್ಲೆಗಳ 1,199 ಗ್ರಾಮ ಪಂಚಾಯಿತಿಗಳು ಸೇರಿದ್ದವು. ಆ ಪಂಚಾಯಿತಿಗಳಿಗೆ ಜಲ ಭದ್ರತಾ ಯೋಜನೆಯ ವರದಿ ಇರಬೇಕು. ನಿಮ್ಮದು ಅದರಲ್ಲಿದ್ದರೆ ಬೀರು ತೆಗೆಸಿ ನೋಡಿ.

ಯಾವ ಕೆಲಸಕ್ಕೆ ಯಾವ ಹಣ

ಇಡೀ ಕೆರೆಗೆ ಒಂದೇ ಕಡೆ ಹಣ ಕೇಳಬೇಡಿ. ಕೆಲಸವನ್ನು ತುಂಡು ಮಾಡಿ.

ಮಣ್ಣಿನ ಕೆಲಸ, ಅಂದರೆ ಬದು, ಟ್ರೆಂಚು, ಗೋಕಟ್ಟೆ, ಕಾಲುವೆ ಹೂಳು, ಇವೆಲ್ಲ ಉದ್ಯೋಗ ಖಾತ್ರಿಗೆ ಹೊಂದುವಂಥವು. ನರೇಗಾದಲ್ಲಿ ಕೂಲಿಗೆ ಕನಿಷ್ಠ ಶೇ 60, ಸಾಮಗ್ರಿಗೆ ಹೆಚ್ಚೆಂದರೆ ಶೇ 40 ಎಂಬ ನಿಯಮ ಇತ್ತು, ಗುತ್ತಿಗೆದಾರರಿಗೆ ಜಾಗವೇ ಇರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ನರೇಗಾ ಬದಲಿಗೆ ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಅದರಲ್ಲಿ ವರ್ಷಕ್ಕೆ 100ರ ಬದಲು 125 ದಿನದ ಕೆಲಸದ ಮಾತಿದೆ, ಕಾಮಗಾರಿಗಳಲ್ಲಿ ನೀರಿನ ಭದ್ರತೆಗೆ ಮೊದಲ ಜಾಗ ಕೊಟ್ಟಿದ್ದಾರೆ. ಸದ್ಯ ನಿಮ್ಮ ಪಂಚಾಯಿತಿಯಲ್ಲಿ ಯಾವ ನಿಯಮ ನಡೆಯುತ್ತಿದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿಕೊಂಡೇ ಮುಂದುವರಿಯಿರಿ.

ತೂಬು, ಕೋಡಿ, ಏರಿಯ ಕಲ್ಲುಕಟ್ಟಡದಲ್ಲಿ ಸಿಮೆಂಟು, ಕಲ್ಲು ಜಾಸ್ತಿ. ಕೂಲಿ ಲೆಕ್ಕಕ್ಕೆ ಅದು ಕೂಡಿಬರುವುದಿಲ್ಲ. ದೊಡ್ಡ ಕೆರೆಯಾದರೆ ಸಣ್ಣ ನೀರಾವರಿ ಇಲಾಖೆಗೆ ಕೇಳಿ, ಸಣ್ಣದಾದರೆ ಜಿಲ್ಲಾ ಪಂಚಾಯಿತಿಗೆ.

ಪಂಚಾಯಿತಿ ಖಾತೆಗೆ ನೇರವಾಗಿ ಬರುವುದು ಹಣಕಾಸು ಆಯೋಗದ ಅನುದಾನ. 15ನೇ ಆಯೋಗದ 2021–26ರ ಅವಧಿಯಲ್ಲಿ ಇದರ ಶೇ 60ರಷ್ಟು ಹಣ ನಿಗದಿತ ಉದ್ದೇಶಕ್ಕೇ ಮೀಸಲಾಗಿತ್ತು. ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆ ನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ, ಇನ್ನರ್ಧ ನೈರ್ಮಲ್ಯಕ್ಕೆ. 2026ರ ಏಪ್ರಿಲ್‌ನಿಂದ 16ನೇ ಆಯೋಗದ ಅವಧಿ. ಈ ಖಾತೆಯಲ್ಲಿ ಎಷ್ಟಿದೆ, ಹಿಂದೆ ಯಾವುದಕ್ಕೆ ಖರ್ಚಾಯಿತು ಎಂದು ಗ್ರಾಮ ಸಭೆಯಲ್ಲಿ ಕೇಳುವುದು ನಿಮ್ಮ ಹಕ್ಕು.

ಇನ್ನು ಜಲಾನಯನ. ಇದು ಒಬ್ಬರು ಅರ್ಜಿ ಹಾಕಿ ಪಡೆಯುವ ಹಣವಲ್ಲ, ಪ್ರದೇಶವನ್ನು ಇಲಾಖೆ ಆರಿಸುತ್ತದೆ. ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಭಾಗದ ಎರಡನೇ ಹಂತದಲ್ಲಿ ಬಯಲು ಪ್ರದೇಶಕ್ಕೆ ಹೆಕ್ಟೇರಿಗೆ 22,000 ರೂಪಾಯಿ, ಗುಡ್ಡಗಾಡಿಗೆ 28,000 ರೂಪಾಯಿ ನಿಗದಿ ಮಾಡಿದ್ದರು. ಕೇಂದ್ರದ ಪಾಲು ಶೇ 60, ರಾಜ್ಯದ್ದು 40. ಬಯಲಿನ 5,000 ಹೆಕ್ಟೇರ್ ಜಲಾನಯನ ಎಂದರೆ 11 ಕೋಟಿ ರೂಪಾಯಿ! ನಿಮ್ಮ ಹಳ್ಳ ಯಾವ ಕಿರು ಜಲಾನಯನದಲ್ಲಿದೆ, ಪಟ್ಟಿಯಲ್ಲಿ ಅದರ ಹೆಸರಿದೆಯಾ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ.

ಸ್ವಂತ ಜಮೀನಿನಲ್ಲಿ ಕೃಷಿ ಹೊಂಡ ಬೇಕೆಂದರೆ ದಾರಿ ಬೇರೆ. 2014–15ರಲ್ಲಿ ಬಂದು 2023–24ರಲ್ಲಿ ಮತ್ತೆ ಶುರುವಾದ ರಾಜ್ಯದ ಕೃಷಿ ಭಾಗ್ಯ ಯೋಜನೆಗೆ ರೈತ ಸಂಪರ್ಕ ಕೇಂದ್ರದಲ್ಲಿ ಅರ್ಜಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಜೊತೆಗಿರಲಿ.

ಒಂದು ಎಚ್ಚರಿಕೆ. ಎರಡು ಯೋಜನೆಯ ಹಣ ಒಂದೇ ಕೆರೆಗೆ ಬರಬಹುದು. ಆದರೆ ಒಂದೇ ಕೆಲಸಕ್ಕೆ ಎರಡು ಕಡೆ ಬಿಲ್ ಆದರೆ ಅದು ಮೋಸ.

ಗ್ರಾಮ ಸಭೆಯ ಪುಸ್ತಕದಲ್ಲಿ ಬರಬೇಕು

ಇಷ್ಟು ಮಾಡಿಯೂ ಪಂಚಾಯಿತಿಯ ವರ್ಷದ ಕ್ರಿಯಾ ಯೋಜನೆಯಲ್ಲಿ ಕೆರೆಯ ಹೆಸರಿಲ್ಲ ಎಂದರೆ ಎಲ್ಲಾ ನೀರಿನಲ್ಲಿ ಹೋಮ. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮ ಸಭೆ. ಮುಂದಿನ ವರ್ಷದ ಯೋಜನೆಗೆ ಕೆಲಸ ಶುರುವಾಗುವುದು ಅಕ್ಟೋಬರ್ ಹೊತ್ತಿಗೆ. ಫೆಬ್ರುವರಿಯಲ್ಲಿ ಕೆರೆ ಒಣಗಿದ ಮೇಲೆ ಎದ್ದರೆ ತಡವಾಯಿತು.

ಸಭೆಯಲ್ಲಿ ‘ಕೆರೆ ಅಭಿವೃದ್ಧಿ’ ಎಂದು ಸುಮ್ನೆ ಬರೆಸಬೇಡಿ. ಸರ್ವೆ ನಂಬರ್, ಕೆಲಸದ ಹೆಸರು, ಎಷ್ಟು ಮೀಟರ್, ಯಾವ ಯೋಜನೆ, ಎಲ್ಲವೂ ಇರಲಿ. ‘ಅಭಿವೃದ್ಧಿ’ ಎಂದಷ್ಟೇ ಬರೆದರೆ ನಾಳೆ ಅದು ಏರಿಯ ಮೇಲೆ ಕಲ್ಲುಬೆಂಚು, ಕಮಾನು, ಬಣ್ಣದ ದೀಪ ಆಗಬಹುದು. ನಡಾವಳಿಯ ಪ್ರತಿ ಕೇಳಿ ಇಟ್ಟುಕೊಳ್ಳಿ. ಹೆಂಗಸರು ಜಾಸ್ತಿ ಬರುವಂತೆ ನೋಡಿಕೊಳ್ಳಿ. ನೀರು ಹೊರುವವರು ಅವರೇ ತಾನೇ?

ಕೆಲಸ ನಡೆಯುವಾಗ

ಅಂದಾಜುಪಟ್ಟಿಯ ಪ್ರತಿ ಪಡೆಯಿರಿ. ಅದರಲ್ಲಿ ಮೊದಲು ನೋಡಬೇಕಾದ್ದು ಹೂಳಿನ ಆಳ ಮತ್ತು ಅದನ್ನು ಎಲ್ಲಿಗೆ ಸಾಗಿಸುತ್ತಾರೆ ಎಂಬುದು. ಎತ್ತಿದ ಹೂಳನ್ನು ಕೆರೆಯಂಗಳದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಅದು ಮತ್ತೆ ಒಳಗೇ ಬರುತ್ತದೆ. ಫಲವತ್ತಾದ ಗೋಡನ್ನು ರೈತರೇ ತಮ್ಮ ಟ್ರ್ಯಾಕ್ಟರಿನಲ್ಲಿ ಒಯ್ಯಲು ಮುಂಚೆಯೇ ಒಪ್ಪಂದ ಮಾಡಿಕೊಂಡರೆ ಸಾಗಣೆ ಖರ್ಚು ಉಳಿಯುತ್ತದೆ, ಹೊಲಕ್ಕೂ ಒಳ್ಳೆಯದು. ಅಗೆಯುವಾಗ ಏರಿಯ ಬುಡಕ್ಕೆ ಕೈ ಹಾಕಲು ಬಿಡಬೇಡಿ, ಏರಿ ಸಡಿಲವಾಗುತ್ತದೆ. ತಳದ ಜೇಡಿಮಣ್ಣನ್ನು ಕೆತ್ತಿ ಮರಳು ಕಾಣುವವರೆಗೆ ಹೋದರೆ ನೀರು ನಿಲ್ಲುವುದೂ ಕಷ್ಟ.

ಕೆಲಸಕ್ಕೆ ಮೊದಲು, ನಡುವೆ, ಮುಗಿದ ಮೇಲೆ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದಿಡಿ. ನಾಮಫಲಕದಲ್ಲಿರುವ ಮೊತ್ತ, ಎಂಜಿನಿಯರ್ ಬರೆದ ಅಳತೆ ಪುಸ್ತಕದಲ್ಲಿರುವ ಅಳತೆ, ನಿಮ್ಮ ಕಣ್ಣಿಗೆ ಕಾಣುವ ಗುಂಡಿ, ಈ ಮೂರೂ ತಾಳೆಯಾಗಬೇಕು. ಆಗದಿದ್ದರೆ ಸಾಮಾಜಿಕ ಲೆಕ್ಕ ಪರಿಶೋಧನೆಯ ಸಭೆಯಲ್ಲಿ ಎದ್ದು ಕೇಳಿ. ಅಳತೆ ಪುಸ್ತಕ ತೋರಿಸಲು ಸತಾಯಿಸಿದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯಲ್ಲಿ ‘ಅಂತಿಮ ಬಿಲ್ಲಿನ ಪ್ರತಿಯೂ ಬೇಕು’ ಎಂದು ಸೇರಿಸುವುದನ್ನು ಮರೆಯಬೇಡಿ.