ನ್ಯಾಟ್ ಗೇಟ್‌ವೇ ಕಿತ್ತುಹಾಕಿದರೂ ಫಾರ್‌ಗೇಟ್ ಟಾಸ್ಕ್ ಎದ್ದು ನಿಂತಿತು

ಇಂಟರ್‌ನೆಟ್‌ಗೆ ನೇರ ದಾರಿಯಿಲ್ಲದ ಪ್ರೈವೇಟ್ ಸಬ್‌ನೆಟ್‌ನಲ್ಲಿ ಫಾರ್‌ಗೇಟ್ (ಸರ್ವರ್ ನೋಡಿಕೊಳ್ಳದೆ ಕಂಟೇನರ್ ಓಡಿಸುವ ಅಮೆಜಾನ್ ಕ್ಲೌಡ್ ಸೇವೆ) ಓಡಬೇಕಾದರೆ, ಹೊರಗೆ ಹೋಗಲು ದಾರಿ ಕೊಡುವ ನ್ಯಾಟ್ ಬೇಕೇ ಬೇಕು ಅಂತ ಜೊತೆಯವರೆಲ್ಲ ಪಟ್ಟು ಹಿಡಿದಿದ್ದರು. ಬೇಡ. ತಿಂಗಳುಗಳಿಂದ ಇಲ್ಲದೆಯೇ ಓಡುತ್ತಿದೆ.

ಮೊದಲು ದುಡ್ಡಿನ ಲೆಕ್ಕ, ಅಮೆಜಾನ್ ಕ್ಲೌಡ್ ಎಡಬ್ಲ್ಯೂಎಸ್‌ನ ವರ್ಜೀನಿಯಾ ದರದಲ್ಲಿ. ಎರಡು ಝೋನ್‌ಗೆ ಎರಡು ನ್ಯಾಟ್ ಅಂದರೆ ತಿಂಗಳಿಗೆ ಹೆಚ್ಚುಕಡಿಮೆ 66 ಡಾಲರ್, ಮೇಲೆ ಜಿಬಿಗೆ ನಾಲ್ಕೂವರೆ ಸೆಂಟ್. ಬದಲಿಗೆ ಹಾಕಿದ್ದು ಇಸಿಆರ್ ಎಪಿಐ, ಇಸಿಆರ್ ಡಿಕೆಆರ್, ಲಾಗ್ಸ್ ಎಂಬ ಮೂರು ಇಂಟರ್‌ಫೇಸ್ ಎಂಡ್‌ಪಾಯಿಂಟ್, ಅಂದರೆ ಇಂಟರ್‌ನೆಟ್ ಮುಟ್ಟದೆ ಎಡಬ್ಲ್ಯೂಎಸ್ ಸೇವೆಗಳಿಗೆ ಹೋಗುವ ಖಾಸಗಿ ಬಾಗಿಲು. ಇಸಿಆರ್ ಅಂದರೆ ಕಂಟೇನರ್ ಇಮೇಜ್‌ಗಳ ಉಗ್ರಾಣ. ಎರಡು ಝೋನ್‌ಗೆ ಸುಮಾರು 44 ಡಾಲರ್, ಜಿಬಿಗೆ ಒಂದು ಸೆಂಟ್. ಫೈಲ್ ಸಂಗ್ರಹ ಸೇವೆಯಾದ ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ ಪುಕ್ಕಟೆ. ಪಾಸ್‌ವರ್ಡ್‌ಗಳನ್ನು ಇಡುವ ಸೀಕ್ರೆಟ್ಸ್ ಮ್ಯಾನೇಜರ್ ಸೇರಿದರೆ 58. ಐದನೆಯದು ಬಂತೋ, ಗಂಟೆಯ ಬಾಡಿಗೆಯಲ್ಲಿ ನ್ಯಾಟ್ ಅನ್ನೇ ಮೀರುತ್ತದೆ.

ಕೈಕೊಟ್ಟದ್ದು ಎಲ್ಲೆಲ್ಲಿ? ‘ಅನ್‌ಏಬಲ್ ಟು ಪುಲ್ ಸೀಕ್ರೆಟ್ಸ್ ಆರ್ ರಿಜಿಸ್ಟ್ರಿ ಆಥ್’ ಅಂತ ಎರರ್ ಕಂಡ ಕೂಡಲೇ ಎಲ್ಲರ ಕೈ ಪರ್ಮಿಷನ್ ನೋಡಿಕೊಳ್ಳುವ ಐಎಎಂ ಕಡೆಗೇ ಹೋಗುತ್ತದೆ. ಸಾಲಿನ ಬಾಲ ಓದಿ. ‘ಟೈಮ್‌ಔಟ್’ ಇದ್ದರೆ ನೆಟ್‌ವರ್ಕ್, ‘ಆಕ್ಸೆಸ್ ಡಿನೈಡ್’ ಇದ್ದರೆ ಮಾತ್ರ ರೋಲ್. ಅದೂ ಇಮೇಜ್ ತರಲು ಬಳಕೆಯಾಗುವ ಎಕ್ಸಿಕ್ಯೂಷನ್ ರೋಲ್, ಕಂಟೇನರ್ ಒಳಗಿನ ಆ್ಯಪ್ ಬಳಸುವ ಟಾಸ್ಕ್ ರೋಲ್ ಅಲ್ಲ. ನನ್ನದು ಟೈಮ್‌ಔಟ್: ಎಂಡ್‌ಪಾಯಿಂಟ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ (ಅದರ ಫೈರ್‌ವಾಲ್) ಎಚ್‌ಟಿಟಿಪಿಎಸ್‌ನ 443 ಪೋರ್ಟ್‌ಗೆ ಇನ್‌ಬೌಂಡ್ ಇರಲಿಲ್ಲ.

ಎರಡನೆಯದು ಡಿಎನ್ಎಸ್. ಕ್ಲೌಡ್ ಸೆಟಪ್ ಅನ್ನು ಕೋಡ್‌ನಲ್ಲಿ ಬರೆಯುವ ಟೆರಾಫಾರ್ಮ್‌ನಲ್ಲಿ ವಿಪಿಸಿಯ (ಎಡಬ್ಲ್ಯೂಎಸ್‌ನಲ್ಲಿನ ನಮ್ಮ ಖಾಸಗಿ ನೆಟ್‌ವರ್ಕ್) ಡಿಎನ್ಎಸ್ ಹೋಸ್ಟ್‌ನೇಮ್ಸ್ ಡಿಫಾಲ್ಟ್ ಆಗಿ ಆಫ್. ಹಾಗಿದ್ದಾಗ ಎಂಡ್‌ಪಾಯಿಂಟ್‌ಗೆ ಪ್ರೈವೇಟ್ ಡಿಎನ್ಎಸ್ ಕೊಟ್ಟರೆ ಅಪ್ಲೈ ಬೀಳುತ್ತದೆ. ಪ್ರೈವೇಟ್ ಡಿಎನ್ಎಸ್ ಅನ್ನು ಫಾಲ್ಸ್ ಮಾಡಿದರೆ ಅಪ್ಲೈ ಹಸಿರಾಗುತ್ತದೆ, ಟಾಸ್ಕ್ ಮಾತ್ರ ಎದ್ದೇಳುವುದಿಲ್ಲ. ವಿಪಿಸಿ ಒಳಗಿನಿಂದ ಇಸಿಆರ್ ಹೆಸರಿಗೆ ಎನ್ಎಸ್‌ಲುಕಪ್ ಕೊಡಿ. ಸಬ್‌ನೆಟ್‌ನದೇ ಐಪಿ ಬರಬೇಕು, ಪಬ್ಲಿಕ್ ಐಪಿ ಬಂದರೆ ತಪ್ಪು ಇಲ್ಲೇ.

ಅತಿ ಹೆಚ್ಚು ಹೊತ್ತು ತಿಂದದ್ದು ಮೂರನೆಯದು. ಲಾಗಿನ್ ಆಯಿತು, ಮ್ಯಾನಿಫೆಸ್ಟ್ (ಇಮೇಜ್‌ನ ಭಾಗಗಳ ಪಟ್ಟಿ) ಬಂತು, ಆ ಭಾಗಗಳಾದ ಲೇಯರ್ ಹತ್ತಿರ ನಿಂತುಬಿಟ್ಟಿತು. ಇಸಿಆರ್ ಲೇಯರ್‌ಗಳು ಬರುವುದು ಎಸ್3 ಬಕೆಟ್‌ನಿಂದ. ರೌಟ್ ಟೇಬಲ್ ಸರಿಯಾಗಿಯೇ ಇತ್ತು. ಆದರೆ ಟಾಸ್ಕ್‌ನ ಔಟ್‌ಬೌಂಡ್ ಅನ್ನು ವಿಪಿಸಿ ಸಿಐಡಿಆರ್‌ಗಷ್ಟೇ (ಒಳಗಿನ ಐಪಿಗಳ ವ್ಯಾಪ್ತಿ) ಬಿಗಿ ಮಾಡಿದ್ದೆ. ಗೇಟ್‌ವೇ ಎಂಡ್‌ಪಾಯಿಂಟ್ ಮೂಲಕ ಹೋದರೂ ಎಸ್3 ವಿಳಾಸ ಪಬ್ಲಿಕ್ ಐಪಿಯೇ. ಎಸ್3ನ ಪ್ರಿಫಿಕ್ಸ್ ಲಿಸ್ಟ್‌ಗೆ (ಅದರ ಐಪಿಗಳ ಪಟ್ಟಿ) 443 ಔಟ್‌ಬೌಂಡ್ ಕೊಟ್ಟೆ, ಮರುಕ್ಷಣ ಓಡಿತು. ಎಂಡ್‌ಪಾಯಿಂಟ್ ಪಾಲಿಸಿಯನ್ನು ಎಷ್ಟು ಬಿಗಿ ಮಾಡಿದ್ದೇನೆ ಅನ್ನುವುದು ನನ್ನಲ್ಲೇ ಇರಲಿ. ಲೇಯರ್ ಬಕೆಟ್‌ಗೆ ಅದರಲ್ಲಿ ಅನುಮತಿ ಕೊಡಲು ಮರೆಯಬೇಡಿ, ಅಷ್ಟೇ.

  

ನ್ಯಾಟ್ ಹೋದಮೇಲೆ ಸಾರ್ವಜನಿಕ ಉಗ್ರಾಣವಾದ ಡಾಕರ್ ಹಬ್‌ನ ಸೈಡ್‌ಕಾರ್ (ಮುಖ್ಯ ಕಂಟೇನರ್ ಜೊತೆ ಓಡುವ ಸಹಾಯಕ) ಇಮೇಜ್‌ಗಳು ಸಿಗುವುದಿಲ್ಲ. ಹೊರಗಿನ ಇಮೇಜ್‌ನ ಪ್ರತಿಯನ್ನು ಇಸಿಆರ್‌ನಲ್ಲೇ ಇಟ್ಟುಕೊಳ್ಳುವ ಪುಲ್ ಥ್ರೂ ಕ್ಯಾಶ್ ಹಾಕಿದರೂ ಮೊದಲ ಪುಲ್‌ಗೆ ಇಂಟರ್‌ನೆಟ್ ದಾರಿ ಬೇಕು. ಹೊಸ ಟ್ಯಾಗ್ ಬಂದಾಗಲೆಲ್ಲ ಲ್ಯಾಪ್‌ಟಾಪ್‌ನಿಂದ ಇಸಿಆರ್ ವಿಳಾಸಕ್ಕೇ ಒಮ್ಮೆ ಪುಲ್ ಮಾಡುತ್ತೇನೆ, ಆಮೇಲೆ ಟಾಸ್ಕ್‌ಗೂ ಸಿಗುತ್ತದೆ.